ನಿಮ್ಮ ಕೇರಿಯ ಸೋಂಕಿನ ನಕ್ಷೆ ನೀವೇ ಬಿಡಿಸಿ

ಮಳೆಗಾಲದಲ್ಲಿ ಶಿರಸಿಯಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ಇರಚಲು ಹೊಡೆಯುತ್ತದೆಂದು ಎಲ್ಲರೂ ಕಿಟಕಿ ಎಳೆದುಕೊಂಡು ಕೂತಿರುತ್ತಾರೆ. ಘಟ್ಟ ಇಳಿಯುವಷ್ಟರಲ್ಲಿ ಗಾಜಿನ ಒಳಮೈ ಮಬ್ಬಾಗುತ್ತದೆ. ಆ ಮಬ್ಬಿನಲ್ಲಿ ಬಸ್ಸಿನಲ್ಲಿದ್ದವರೆಲ್ಲರ ಉಸಿರಿದೆ. ಯಾವ ಜಾಗದಲ್ಲಿ ಯಾವ ಸೋಂಕು ಹರಡೀತು ಎಂದು ಗುರುತಿಸಲು ಕಲಿಯುವುದಾದರೆ ಆ ಗಾಜಿನಿಂದಲೇ ಶುರು ಮಾಡಿ.

ಬೇಕಾದದ್ದು ಒಂದು ಹಾಳೆ, ಮೂರು ಬಣ್ಣದ ಪೆನ್ಸಿಲ್, ಬಿಡುವಿನ ಒಂದು ದಿನ. ಮೊದಲು ಮನೆ, ಶಾಲೆ, ಬಾವಿ, ಪೇಟೆ, ಬಸ್ ನಿಲ್ದಾಣಗಳ ಒರಟು ನಕ್ಷೆ ಬರೆಯಿರಿ. ಚೆಂದ ಬರಬೇಕೆಂದೇನಿಲ್ಲ.

ಕೆಂಪು ಬಣ್ಣ ಗಾಳಿಗೆ. ಕ್ಷಯ, ದಡಾರ, ಫ್ಲೂ ಈ ಗುಂಪಿನವು. ಎಷ್ಟು ಜನ ಸೇರುತ್ತಾರೆ ಎಂಬುದನ್ನಷ್ಟೇ ಎಣಿಸಬೇಡಿ. ಎಷ್ಟು ಹೊತ್ತು ಕೂರುತ್ತಾರೆ, ಗಾಳಿ ಆಡುತ್ತದೆಯೇ ಎಂದೂ ನೋಡಿ. ಕಾರವಾರದ ಭಾನುವಾರದ ಸಂತೆಯಲ್ಲಿ ಮೈಗೆ ಮೈ ತಾಗಿದರೂ ತಲೆಯ ಮೇಲೆ ಆಕಾಶವಿದೆ. ಹದಿನೈದೇ ಮಕ್ಕಳ ಟ್ಯೂಷನ್ ಕೋಣೆಯಲ್ಲಿ ಕಿಟಕಿ ಮುಚ್ಚಿ ಎ.ಸಿ. ಹಾಕಿರುತ್ತಾರೆ. ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ ಎರಡು ತಾಸಿನವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ದಟ್ಟ ಕೆಂಪನ್ನು ಆ ಕೋಣೆಗೆ ಬಳಿಯಿರಿ. ಮೀನು ಪೇಟೆಯ ನಾತವನ್ನೇ ರೋಗವೆಂದುಕೊಂಡು ಮೂಗು ಮುಚ್ಚುವವರು ಇದನ್ನು ಒಪ್ಪಲಿಕ್ಕಿಲ್ಲ.

ನೀಲಿ ಬಣ್ಣ ಕುಡಿಯುವ ನೀರಿಗೆ. ಬಾವಿಗೂ ಶೌಚಗುಂಡಿಗೂ ನಡುವೆ ಕನಿಷ್ಠ 15 ಮೀಟರ್ ಅಂತರವಿರಬೇಕು. ಗುಂಡಿ ಬಾವಿಗಿಂತ ಎತ್ತರದಲ್ಲಿದ್ದರೆ ಅಷ್ಟೂ ಸಾಲದು. ನಮ್ಮ ಚಿರೇಕಲ್ಲಿನ ನೆಲ ತೂತು ತೂತಾಗಿದ್ದು, ನೀರು ಬೇಗ ಇಳಿದು ಹರಿಯುತ್ತದೆ.

ಹಸಿರು ಬಣ್ಣ ಡೆಂಗಿ ಸೊಳ್ಳೆಗೆ. ಇದಕ್ಕೆ ಹೆಚ್ಚು ಹೊತ್ತು ಕೊಡಿ. ಪಕ್ಕದ ಗಟಾರವನ್ನು ವರ್ಷಗಟ್ಟಲೆ ಬೈದುಕೊಂಡಿದ್ದವನು ನಾನು. ಕಳೆದ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಹುಡುಕಿದರೆ ಮರಿಹುಳುಗಳು ಕಂಡದ್ದು ನಮ್ಮದೇ ಕಟ್ಟಿಗೆ ರಾಶಿಗೆ ಹೊದಿಸಿದ ನೀಲಿ ಟಾರ್ಪಾಲಿನ ಮಡಿಕೆಯಲ್ಲಿ. ಬೊಗಸೆಯಷ್ಟು ತಿಳಿನೀರು, ಬೆಳಕು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದವು. ಈ ಸೊಳ್ಳೆಗೆ ಬೇಕಾದದ್ದು ಕೊಳಚೆಯಲ್ಲ, ನಿಂತ ತಿಳಿನೀರು: ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಹಳೆಯ ಟೈರು, ಬಂದರಿನ ಬದಿಗೆಸೆದ ಥರ್ಮಾಕೋಲ್ ಪೆಟ್ಟಿಗೆ, ಬಚ್ಚಲಿನ ಡ್ರಮ್ಮು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಡ್ರಮ್ಮಿನ ಒಳಮೈ ತಿಕ್ಕಿ ತೊಳೆಯಿರಿ. ಗೋಡೆಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದಾಗ ಮರಿಯಾಗುತ್ತದೆ. ಈ ಸೊಳ್ಳೆ ಹುಟ್ಟಿದ ಜಾಗದಿಂದ ಬಹು ದೂರ ಹಾರುವುದಿಲ್ಲ. ಹೆಚ್ಚೆಂದರೆ ಕೆಲವು ನೂರು ಮೀಟರ್. ಮನೆಯ ಸುತ್ತ ಅಷ್ಟಗಲದ ವೃತ್ತ ಎಳೆದು ಒಳಗೆ ಬರುವ ಹಿತ್ತಿಲುಗಳನ್ನೆಲ್ಲ ನೋಡಿ. ನೆರೆಯವರನ್ನು ಕೇಳಿಯೇ ಒಳಗೆ ಹೋಗಿ.

ಪೆನ್ನು ಬೇಡ, ಪೆನ್ಸಿಲ್ಲೇ ಇರಲಿ. ಬೇಸಿಗೆಯಲ್ಲಿ ಹಸಿರು ಬಣ್ಣ ಟಾರ್ಪಾಲಿನಿಂದ ಡ್ರಮ್ಮಿಗೆ ಸರಿಯುತ್ತದೆ. ಶಿರಸಿಯವರಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಿಗೆ ಬೇರೆಯೇ ಹಾಳೆ ತೆಗೆದುಕೊಳ್ಳಿ, ಕಬ್ಬಿನ ಹಾಲಿನ ಅಂಗಡಿಯ ಮಂಜುಗಡ್ಡೆಗೂ ನೀಲಿ ಹಚ್ಚಿ.