.22 ರೈಫಲ್ ನಿಜವಾಗಿ ಎಷ್ಟು ದೂರಕ್ಕೆ? ನೀವೇ ಅಳೆದು ನೋಡಿ

ಕೆಲವು .22 (ಅಂದರೆ ಇಂಚಿನ ನೂರರಲ್ಲಿ 22 ಭಾಗ ಅಡ್ಡಳತೆಯ) ತೋಟೆ ಡಬ್ಬಿಗಳ ಮೇಲೆ ಒಂದು ಎಚ್ಚರಿಕೆ ಇರುತ್ತದೆ: ಗುಂಡು ಒಂದೂವರೆ ಮೈಲಿವರೆಗೂ ಹೋಗಬಹುದು ಅಂತ. ಅದನ್ನೇ ಓದಿ 'ನನ್ನ ರೈಫಲ್ ಎರಡು ಕಿಲೋಮೀಟರ್ ಹೊಡೆಯುತ್ತೆ' ಅನ್ನುವವರಿದ್ದಾರೆ. ಗುಂಡು ಹೋಗುವುದು ಬೇರೆ, ಹೊಡೆದ ಕಡೆ ತಾಗುವುದು ಬೇರೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಟ್ರಿಗರ್ ಮುಟ್ಟಬೇಡಿ ಅನ್ನೋದು ಆ ಸಾಲಿನ ಅರ್ಥ, ಅಷ್ಟೇ.

ಉಪಯೋಗಕ್ಕೆ ಬರುವ ದೂರವನ್ನು ಯಾವ ಡಬ್ಬಿಯೂ ಹೇಳುವುದಿಲ್ಲ. ಯಾಕೆಂದರೆ ಅದು ಗುರಿ ಎಷ್ಟು ದೊಡ್ಡದು ಅನ್ನುವುದರಿಂದಲೇ ಶುರುವಾಗುತ್ತದೆ. 50 ಮೀಟರ್ ಅಂತಾರಾಷ್ಟ್ರೀಯ ಸ್ಪರ್ಧೆಯ ಗುರಿಯಲ್ಲಿ ಹತ್ತರ ಉಂಗುರ ಬರೀ 10.4 ಮಿ.ಮೀ. ಗುಂಡಿನ ಅಡ್ಡಳತೆ 5.6 ಮಿ.ಮೀ, ಅದರ ಅಂಚು ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಗುಂಡಿನ ನಡುಭಾಗ ಗುರಿಯ ಮಧ್ಯದಿಂದ 8 ಮಿ.ಮೀ ಒಳಗೆ ಇರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಿದ್ದು ಇದೇ ಗುರಿಯ ಮೇಲೆ. ಇನ್ನು ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದಲ್ವಾ, ಸುಲಿದ ಕಾಯಿ ಅಂದರೆ ಹೆಚ್ಚುಕಮ್ಮಿ 10 ಸೆಂ.ಮೀ. ಕೋವಿ ಅದೇ, ತೋಟೆ ಅದೇ, ಆದರೆ ಎರಡು ಗುರಿಗೆ ಎರಡು ಬೇರೆ ದೂರ. ಹಾಗಾಗಿ ಮೊದಲು ನಿಮ್ಮ ಗುರಿಯ ಅಳತೆ ಬರೆದಿಟ್ಟುಕೊಳ್ಳಿ.

ಆಮೇಲೆ ಡಬ್ಬಿ ನೋಡಿ. ಅದರಲ್ಲಿ ಎರಡು ಅಂಕಿ ಸಾಕು: ಗುಂಡಿನ ತೂಕ, ಹೊರಡುವ ವೇಗ. ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆ ಸೆಕೆಂಡಿಗೆ ಸುಮಾರು 325-330 ಮೀಟರ್, ಹೈ ವೆಲಾಸಿಟಿ ಸುಮಾರು 380. ಈ ಎರಡರ ಮಧ್ಯೆ ಶಬ್ದದ ವೇಗ ಕೂತಿದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 343 ಮೀಟರ್. ಮುಂದೆ ಬರುವ ಗಾಳಿಯ ಕಥೆಗೆ ಇದೇ ಮೂಲ.

ಈಗ ಝೀರೋ ಮಾಡಿ, ಅಂದರೆ ಸ್ಕೋಪಿನಲ್ಲಿ (ರೈಫಲ್ ಮೇಲಿನ ದುರ್ಬೀನಿನಲ್ಲಿ) ಗುರಿಯಿಟ್ಟ ಕಡೆಯೇ ಗುಂಡು ತಾಗುವ ಹಾಗೆ ಹೊಂದಿಸಿ. ಬೆಂಚ್ ಮೇಲೆ ಮರಳಿನ ಚೀಲ ಇಟ್ಟು, ಗಾಳಿ ಇಲ್ಲದ ಬೆಳಗಿನ ಹೊತ್ತು, 50 ಮೀಟರಿಗೆ. ಸ್ಟ್ಯಾಂಡರ್ಡ್ ತೋಟೆಯನ್ನು 50ಕ್ಕೆ ಝೀರೋ ಮಾಡಿದ ಮೇಲೆ ಅದೇ ಸ್ಕೋಪಿನಲ್ಲಿ 100 ಮೀಟರ್ ಗುರಿಗೆ ಹೊಡೆದರೆ ಗುಂಡು ಸುಮಾರು 24 ಸೆಂ.ಮೀ ಕೆಳಗೆ ಬೀಳುತ್ತದೆ. ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಭಾಗ. ಕಾಲು ಎಂಓಎ ಸ್ಕೋಪಿನ ತಿರುಪಿನ ಒಂದು ಕ್ಲಿಕ್ 100 ಮೀಟರಿನಲ್ಲಿ 7.3 ಮಿ.ಮೀ, ಹಾಗಾಗಿ 33 ಕ್ಲಿಕ್ ಮೇಲಕ್ಕೆ. ಇದು ಸ್ಕೋಪ್ ಬ್ಯಾರೆಲ್ಲಿಗಿಂತ 4 ಸೆಂ.ಮೀ ಮೇಲಿದ್ದರೆ ಬರುವ ಲೆಕ್ಕ. ನಿಮ್ಮದರಲ್ಲಿ ಒಂದೆರಡು ಕ್ಲಿಕ್ ಆಚೀಚೆ ಆಗಬಹುದು, ಕಾಗದದ ಮೇಲೆ ಹೊಡೆದೇ ಸರಿಮಾಡಿಕೊಳ್ಳಿ. ಗುಂಡು ಬೀಳುವುದನ್ನು ನೋಡಿ ಜನ ಹೆದರುತ್ತಾರೆ, ಸುಮ್ನೆ. ದೂರ ಗೊತ್ತಿದ್ದರೆ ಬೀಳುವುದು ಪ್ರತಿಸಲ ಒಂದೇ ತರಹ, ಕ್ಲಿಕ್ ತಿರುಗಿಸಿದರೆ ಮುಗಿಯಿತು.

ಮುಗಿಯದೆ ಇರುವುದು ಗಾಳಿಯದು. ಗಂಟೆಗೆ 16 ಕಿ.ಮೀ ಅಡ್ಡಗಾಳಿ ಅಂದರೆ ಎಲೆಗಳು ಚೆನ್ನಾಗಿ ಅಲ್ಲಾಡುವಷ್ಟು. ಅಂಥ ಗಾಳಿಯಲ್ಲಿ 100 ಗಜಕ್ಕೆ ಸ್ಟ್ಯಾಂಡರ್ಡ್ ಗುಂಡು ಸುಮಾರು 10 ಸೆಂ.ಮೀ ಪಕ್ಕಕ್ಕೆ ಹೋಗುತ್ತದೆ. ಹೈ ವೆಲಾಸಿಟಿ ಗುಂಡು? ಕಡಿಮೆ ಅಲ್ಲ, ಜಾಸ್ತಿ, 12-13 ಸೆಂ.ಮೀ! ಬೇಗ ಹೋದರೆ ಗಾಳಿಗೆ ಕಮ್ಮಿ ಸಿಗಬೇಕಲ್ಲ ಅನ್ನಿಸುತ್ತದೆ. ಆದರೆ ಗಾಳಿ ಎಷ್ಟು ತಳ್ಳುತ್ತದೆ ಅನ್ನುವುದು ಹಾರಿದ ಒಟ್ಟು ಸಮಯದ ಮೇಲೆ ನಿಂತಿಲ್ಲ, ಗಾಳಿಯ ತಡೆಯೇ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಎಷ್ಟು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ಶಬ್ದದ ವೇಗಕ್ಕಿಂತ ಮೇಲೆ ಹೊರಟ ಆ ಮೊಂಡು ಮೂತಿಯ ಸೀಸದ ಗುಂಡಿಗೆ ತಡೆ ಸಿಕ್ಕಾಪಟ್ಟೆ, ಹಾಗಾಗಿ ಅದು ಗಳಿಸಿದ ವೇಗವನ್ನು ದಾರಿಯಲ್ಲೇ ಕಳೆದುಕೊಳ್ಳುತ್ತದೆ. ಸ್ಪರ್ಧೆಯವರು ನಿಧಾನದ ತೋಟೆಯನ್ನೇ ಯಾಕೆ ಹಾಕುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಕಾಗದಕ್ಕೆ ಹೊಡೆಯಲು ಹೈ ವೆಲಾಸಿಟಿ ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಗಾಳಿ ಓದುವಾಗ, ಗಾಳಿ ತೋರಿಸಲು ಗುರಿಯವರೆಗೆ ನೆಟ್ಟ ಬಾವುಟಗಳಲ್ಲಿ ನಿಮ್ಮ ಹತ್ತಿರದ ಬಾವುಟಕ್ಕೆ ಜಾಸ್ತಿ ಬೆಲೆ ಕೊಡಿ. ಆರಂಭದಲ್ಲೇ ಸ್ವಲ್ಪ ವಾಲಿದ ಗುಂಡು ಉಳಿದ ದಾರಿಯೆಲ್ಲ ವಾಲಿಕೊಂಡೇ ಹೋಗುತ್ತದೆ. ಇನ್ನೊಂದು: ಬಲಕ್ಕೆ ತಿರುಗುವ ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಇದ್ದರೆ ಬಲಗಡೆಯಿಂದ ಬೀಸುವ ಗಾಳಿ ಗುಂಡನ್ನು ಎಡಕ್ಕೆ ಮಾತ್ರ ಅಲ್ಲ, ಸ್ವಲ್ಪ ಮೇಲಕ್ಕೂ ಒಯ್ಯುತ್ತದೆ. ಎಡಗಾಳಿಗೆ ಇದರ ಉಲ್ಟಾ, ಬಲಕ್ಕೆ ಮತ್ತು ಕೆಳಕ್ಕೆ. ಗ್ರೂಪ್ (ಒಂದೇ ಕಡೆ ಗುರಿಯಿಟ್ಟು ಹೊಡೆದ ಗುಂಡುಗಳ ತೂತುಗಳ ಗುಂಪು) ಓರೆಯಾಗಿ ಉದ್ದಕ್ಕೆ ಬಂದಿದ್ದರೆ ಟ್ರಿಗರ್ ಬೆರಳನ್ನು ಬೈಯುವ ಮೊದಲು ಗಾಳಿ ನೋಡಿ.

ಗ್ರೂಪ್ ನೇರವಾಗಿ ಮೇಲೆ-ಕೆಳಗೆ ಉದ್ದವಾಗಿದ್ದರೆ ಅನುಮಾನ ತೋಟೆ ಮೇಲೆ. ಒಂದೇ ಡಬ್ಬಿಯ ಒಂದು ಗುಂಡು ಸೆಕೆಂಡಿಗೆ 325 ಮೀಟರ್ ವೇಗದಲ್ಲಿ, ಇನ್ನೊಂದು 335ರಲ್ಲಿ ಹೊರಟರೆ 50 ಮೀಟರಿನಲ್ಲಿ 7 ಮಿ.ಮೀ ಅಂತರ, 100ರಲ್ಲಿ ಸುಮಾರು 3 ಸೆಂ.ಮೀ. 50ಕ್ಕೆ ಚಂದ ಕಾಣುವ ಗ್ರೂಪ್ 100ಕ್ಕೆ ಎರಡರಷ್ಟಲ್ಲ, ಅದಕ್ಕಿಂತ ಜಾಸ್ತಿ ಹರಡುವುದಕ್ಕೆ ಇದೂ ಒಂದು ಕಾರಣ. ಮೂರು ನಾಲ್ಕು ಬಗೆಯ ತೋಟೆ ತಂದು, ಪ್ರತಿಯೊಂದರಲ್ಲೂ ಹತ್ತು ಗುಂಡಿನ ಗ್ರೂಪ್ ಹೊಡೆದು ಅಳೆಯಿರಿ. ಮೂರೇ ಗುಂಡಿನ ಗ್ರೂಪ್ ಫೋಟೋಗೆ ಚೆನ್ನ, ಲೆಕ್ಕಕ್ಕೆ ಬೇಡ. ಹಿಡಿಸಿದ ತೋಟೆ ಸಿಕ್ಕಿದರೆ ಅದೇ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ನಂಬರಿನವನ್ನೇ ಕೊಳ್ಳಿ. ಒಂದೇ ಕಂಪನಿಯ ಎರಡು ಲಾಟ್ ಒಂದೇ ಬ್ಯಾರೆಲ್ಲಿನಲ್ಲಿ ಬೇರೆ ಬೇರೆ ತರಹ ಆಡುತ್ತವೆ.

ಗುಂಡಿನ ಆಕಾರದ ಬಗ್ಗೆ .22ರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಗದಕ್ಕೆ ದುಂಡು ಮೂತಿಯ ಬರೀ ಸೀಸದ ಗುಂಡು ಸಾಕು. ವೇಗ ಕಮ್ಮಿ ಇರುವುದರಿಂದ ತಾಮ್ರದ ಹೊದಿಕೆ ಬೇಕಾಗುವುದಿಲ್ಲ, ಮೇಲೆ ಮೇಣವೋ ಗ್ರೀಸೋ ಸವರಿರುತ್ತದೆ. ಮೂತಿ ಚೂಪು, ಹಿಂಭಾಗ ದೋಣಿಯ ಹಾಗೆ ಕಿರಿದು ಅನ್ನುವ ವಿನ್ಯಾಸವೆಲ್ಲ ದೂರದ ಸೆಂಟರ್‌ಫೈರ್ (ತಳದ ನಡುಭಾಗಕ್ಕೆ ಪೆಟ್ಟು ಬಿದ್ದು ಸಿಡಿಯುವ) ತೋಟೆಗಳದ್ದು. ಉದಾಹರಣೆಗೆ .308ರ 168 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಟು ನೂರಾರು ಮೀಟರ್ ಶಬ್ದಕ್ಕಿಂತ ಮುಂದೆಯೇ ಇರುತ್ತದೆ. ಅಲ್ಲಿ ಆಕಾರಕ್ಕೆ ಬೆಲೆ ಇದೆ.

ಕೊನೆಗೆ ಲೆಕ್ಕ ಹಾಕಿ. ನಿಮ್ಮ ಹತ್ತು ಗುಂಡಿನ ಗ್ರೂಪ್ 100 ಮೀಟರಿಗೆ 6 ಸೆಂ.ಮೀ ಬರುತ್ತದೆ ಅಂದುಕೊಳ್ಳಿ. ಗಾಳಿ ಇಲ್ಲದ ದಿನ ತೆಂಗಿನಕಾಯಿಗೆ ಅಷ್ಟು ಸಾಕು, ಅಂಚಿಗೆ 2 ಸೆಂ.ಮೀ ಉಳಿಯುತ್ತದೆ. ಗಾಳಿಯ ನಿಮ್ಮ ಅಂದಾಜು ಗಂಟೆಗೆ 5 ಕಿ.ಮೀ ತಪ್ಪಿದರೂ ಗುಂಡು 3 ಸೆಂ.ಮೀಗಿಂತ ಜಾಸ್ತಿ ಸರಿಯುತ್ತದೆ, ಆ ಅಂಚು ಹೋಯಿತು. ಆಗ 75 ಮೀಟರಿಗೆ ಬನ್ನಿ, ಅಲ್ಲಿ ಸರಿಯುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಗ್ರೂಪೂ ಚಿಕ್ಕದು. ಹತ್ತರ ಉಂಗುರ ಬೇಕಾದರೆ ಈ ರೈಫಲ್ಲಿಗೆ 50ರಾಚೆ ಯೋಚನೆಯೇ ಬೇಡ.