ಆರ್ಕೇಡ್ ಮಾನಿಟರ್‌ಗೆ ಹಳೆ ಗೇಮ್ ಕನ್ಸೋಲ್: ಮಂಕು ಚಿತ್ರಕ್ಕೆ ಮದ್ದು

ಮೆಗಾ ಡ್ರೈವ್ ಅಥವಾ ಮೊದಲ ಪ್ಲೇಸ್ಟೇಷನ್‌ನಂಥ ಹಳೆ ಗೇಮ್ ಕನ್ಸೋಲನ್ನು ಆರ್ಕೇಡ್ ಮಾನಿಟರ್‌ಗೆ (ಗೇಮ್ ಪಾರ್ಲರ್ ಯಂತ್ರದ ಪಿಕ್ಚರ್ ಟ್ಯೂಬ್ ಪರದೆಗೆ) ಜೋಡಿಸಿದಾಗ ಚಿತ್ರ ಕತ್ತಲಲ್ಲಿ ಮುಳುಗಿದ ಹಾಗೆ ಬಂದರೆ ಪಿಕ್ಚರ್ ಟ್ಯೂಬ್ ಸತ್ತಿದೆ ಅಂದುಕೊಳ್ಳಬೇಡಿ. ಫ್ಲೈಬ್ಯಾಕಿನ (ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರಿನ) ಸ್ಕ್ರೀನ್ ಪಾಟ್ ಎಂಬ ತಿರುಗುಗುಂಡಿ ತಿರುಗಿಸಲೂ ಹೋಗಬೇಡಿ. ಕಪ್ಪು ಬೂದುಬಣ್ಣವಾಗಿ ಓರೆ ಗೆರೆಗಳು ಮೂಡುತ್ತವೆ, ಅಷ್ಟೇ ಲಾಭ. ಕನ್ಸೋಲು ಒಂದೊಂದು ಬಣ್ಣಕ್ಕೂ 75 ಓಮ್ ಲೋಡ್ ಮೇಲೆ ಸುಮಾರು 0.7 ವೋಲ್ಟ್ ಕೊಡುತ್ತದೆ. ಮಾನಿಟರ್ ನಿರೀಕ್ಷಿಸುವುದು ಆರ್ಕೇಡ್ ಯಂತ್ರದ ಸ್ವಂತ ಗೇಮ್ ಬೋರ್ಡ್ ಕೊಡುವ 3ರಿಂದ 5 ವೋಲ್ಟ್. ಕೊರತೆ ಅಲ್ಲಿದೆ.

ಮೊದಲು ಕರೆಂಟಿನ ವಿಷಯ. ಹಳೆಯ ಎಷ್ಟೋ ಮಾನಿಟರ್‌ಗಳ ಷಾಸಿ (ಒಳಗಿನ ಸರ್ಕ್ಯೂಟ್ ಬೋರ್ಡ್) ಮೇನ್ಸ್‌ನಿಂದ ಬೇರ್ಪಟ್ಟಿರುವುದಿಲ್ಲ. ಅಗ್ಗದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಹಳ ಸಲ ಆಟೋ ಟ್ರಾನ್ಸ್‌ಫಾರ್ಮರ್. ಅದು ವೋಲ್ಟೇಜ್ ಇಳಿಸುತ್ತದೆ, ಬೇರ್ಪಡಿಸುವುದಿಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರೇ ಹಾಕಿ, ಇಲ್ಲದಿದ್ದರೆ ಕನ್ಸೋಲಿನ ಗ್ರೌಂಡಿಗೇ ಮೇನ್ಸ್ ಬರುತ್ತದೆ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನ ಹೈವೋಲ್ಟೇಜ್ ತುದಿಯಾದ ಆನೋಡ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಕಾರವಾರ, ಕುಮಟಾ ಕಡೆ ಮಳೆಗಾಲದಲ್ಲಿ ಉಪ್ಪುಗಾಳಿಯ ಪಸೆ ಆನೋಡ್ ಕ್ಯಾಪ್ ಸುತ್ತ ಕೂತು ಚಿರ್ರೆನ್ನುವುದುಂಟು. ಆಗ ಪ್ಲಗ್ ಕಿತ್ತು, ಹಳೇ ಟಿವಿ ರಿಪೇರಿ ಬಲ್ಲವರಿಂದ ಡಿಸ್‌ಚಾರ್ಜ್ ಮಾಡಿಸಿ ಒರೆಸಿಸಿ.

ಮೂರು ಬಣ್ಣಕ್ಕೂ ಸುಮಾರು 4.3 ಪಟ್ಟು ಹೆಚ್ಚಿಸುವ ವಿಡಿಯೋ ಆಂಪ್ಲಿಫಯರ್ ಬೇಕು: 0.7 ವೋಲ್ಟ್ 3 ಆಗುತ್ತದೆ. ಕೈಯಲ್ಲಿದೆ ಎಂದು 741 ಅಥವಾ 358ರಂಥ ಸಾಮಾನ್ಯ ಆಂಪ್ಲಿಫಯರ್ ಚಿಪ್ ಹಾಕಿದರೆ ಬಣ್ಣ ಬಲಕ್ಕೆ ಹರಡಿಕೊಳ್ಳುತ್ತದೆ. ಸುಮಾರು 1 ಮೆಗಾಹರ್ಟ್ಜ್‌ನ ಚಿಪ್‌ಗೆ 5–6 ಮೆಗಾಹರ್ಟ್ಜ್ ವಿಡಿಯೋ ಎಳೆಯಲು ತ್ರಾಣವಿಲ್ಲ. ಆಂಪ್ಲಿಫಯರಿನ ಪ್ರತಿ ಇನ್‌ಪುಟ್‌ನಿಂದ ಗ್ರೌಂಡಿಗೆ 75 ಓಮ್ ಹಾಕಿ. ಅದನ್ನು ಬಿಟ್ಟರೆ ಸಿಗ್ನಲ್ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ, ಆಸೆ ಹುಟ್ಟಿಸುತ್ತದೆ, ಆದರೂ 1.4 ವೋಲ್ಟ್ ಸಾಲದು, ಉದ್ದ ಕೇಬಲಿನಲ್ಲಿ ಅಂಚುಗಳಿಗೆ ನೆರಳೂ ಬರುತ್ತದೆ. ರೆಡಿ ಬೋರ್ಡ್ ಕೊಳ್ಳುವುದಾದರೆ ಕ್ಲಾಂಪ್ ಇರುವುದನ್ನೇ ಆರಿಸಿ. ಕೆಪಾಸಿಟರ್ ದಾಟಿ ಬಂದ ಸಿಗ್ನಲಿನ ಕಪ್ಪುಮಟ್ಟ ದೃಶ್ಯ ಬದಲಾದಂತೆ ಏರಿಳಿಯುತ್ತದೆ, ಕ್ಲಾಂಪ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಸಿಂಕ್, ಅಂದರೆ ಚಿತ್ರವನ್ನು ಅಲುಗದಂತೆ ಹಿಡಿದಿಡುವ ಸಿಗ್ನಲ್, ಬೇರೆಯದೇ ಕಥೆ. ಸ್ಕಾರ್ಟ್ (ಯುರೋಪಿನ ಟಿವಿಗಳ 21 ಪಿನ್ ಕನೆಕ್ಟರ್) ಕೇಬಲ್‌ನ 20ನೇ ಪಿನ್‌ನಲ್ಲಿ ಕಾಂಪೋಸಿಟ್ ವಿಡಿಯೋ (ಚಿತ್ರ, ಸಿಂಕ್ ಎರಡೂ ಒಂದೇ ತಂತಿಯಲ್ಲಿ) ಇದ್ದರೆ ಅದರ ಸಿಂಕ್ ಭಾಗ ಬರೀ 0.3 ವೋಲ್ಟ್. ಎಲ್‌ಎಂ1881 ಎಂಬ ಸಿಂಕ್ ಬೇರ್ಪಡಿಸುವ ಚಿಪ್ ಬಳಸಿ: 0.1 ಮೈಕ್ರೊಫ್ಯಾರಡ್ ಮೂಲಕ 2ನೇ ಪಿನ್‌ಗೆ ಸಿಗ್ನಲ್. 6ನೇ ಪಿನ್‌ನಿಂದ ಗ್ರೌಂಡಿಗೆ 680 ಕಿಲೋಓಮ್, ಜೊತೆಗೆ 0.1 ಮೈಕ್ರೊಫ್ಯಾರಡ್, 8ಕ್ಕೆ 5 ವೋಲ್ಟ್, 4 ಗ್ರೌಂಡ್. 1ನೇ ಪಿನ್‌ನಿಂದ ಬರುವ ಸಿಂಕ್ ಮಾನಿಟರ್‌ನ ನೆಗೆಟಿವ್ ಸಿಂಕ್‌ಗೆ ಹೋಗಲಿ. ಶಿರಸಿಯಲ್ಲಿ ಚಿಪ್ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರೋಡ್ ಇದ್ದೇ ಇದೆ.

ಬೂದುಪಟ್ಟಿಗಳ ಟೆಸ್ಟ್ ಚಿತ್ರ ಹಾಕಿ ಆಂಪ್ಲಿಫಯರಿನ ಗೇನ್ (ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) ಹೊಂದಿಸಿ: ಕೊನೆಯ ಎರಡು ಬಿಳಿ ಪಟ್ಟಿಗಳು ಒಂದಾದರೆ ಹೆಚ್ಚಾಯಿತು. ಒಂದೇ ಬಣ್ಣ ಮಾಯವಾಗಿದ್ದರೆ ಗೇನ್ ಮುಟ್ಟದೆ ಕನೆಕ್ಟರ್ ಬಿಚ್ಚಿ ನೋಡಿ. ಕರಾವಳಿಯಲ್ಲಿ ಪಿನ್‌ಗೆ ಹಸಿರು ಕಿಲುಬು ಹಿಡಿದಿರುವುದೇ ಹೆಚ್ಚು.