ಸೋತ ಕ್ಷೇತ್ರದಲ್ಲೇ ಮತ್ತೆ ನಿಲ್ಲುವುದು: ಫಾರ್ಮ್ 20ರಿಂದ ಶುರು ಮಾಡಿ

ವಿಧಾನಸಭೆಗೆ ಒಮ್ಮೆ ಸೋತು ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲುವವರು ಹೆಚ್ಚಾಗಿ ಹೋದ ಸಲ ಮಾಡಿದ್ದನ್ನೇ ಈ ಸಲ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಅದೇ ರೋಡ್ ಶೋ, ಅದೇ ಹತ್ತು ಮಂದಿ ಹಿಂಬಾಲಕರು, ಇನ್ನೂ ದೊಡ್ಡ ಬ್ಯಾನರ್. ಯಾವ ಬೂತಿನಲ್ಲಿ ಎಷ್ಟಕ್ಕೆ ಸೋತೆವು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಆ ಉತ್ತರ ಇರುವುದು ಬೂತ್‌ವಾರು ಮತಗಳ ಪಟ್ಟಿಯಾದ ಫಾರ್ಮ್ 20ರಲ್ಲಿ.

ಮರಳಿ ನಿಂತು ಗೆದ್ದವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಸುಳ್ಯದಲ್ಲಿ ಎಸ್. ಅಂಗಾರ 1989ರಲ್ಲಿ ಸೋತು, 1994ರಿಂದ 2018ರವರೆಗೆ ಆರು ಸಲ ಗೆದ್ದರು. ಕಾರ್ಕಳದಲ್ಲಿ ವಿ. ಸುನಿಲ್ ಕುಮಾರ್ 2004ರಲ್ಲಿ ಗೆದ್ದು, 2008ರಲ್ಲಿ ಸೋತು, 2013ರಲ್ಲಿ ಮತ್ತೆ ಗೆದ್ದರು. ಉಲ್ಟಾ ಉದಾಹರಣೆ ತಲಪಾಡಿ ಗಡಿ ದಾಟಿ ಕೇರಳಕ್ಕೆ ಹೋದರೆ ಸಿಗುತ್ತದೆ: ಮಂಜೇಶ್ವರದಲ್ಲಿ ಕೆ. ಸುರೇಂದ್ರನ್ 2016ರಲ್ಲಿ 89 ಮತಗಳಿಂದ ಸೋತರು, 2021ರಲ್ಲಿ ಮತ್ತೆ ನಿಂತು 745 ಮತಗಳಿಂದ ಸೋತರು. ಇಷ್ಟು ಕಡಿಮೆ ಅಂತರ ಇಡೀ ಕ್ಷೇತ್ರದ ಅಲೆಯಲ್ಲಿ ಕಾಣುವುದಿಲ್ಲ, ಒಂದೆರಡು ಬೂತಿನ ಪಟ್ಟಿಯಲ್ಲಿ ಕಾಣುತ್ತದೆ.

ಸೋತ ಮರುದಿನದಿಂದ

ಫಲಿತಾಂಶದ ದಿನ ಮನೆಗೆ ಬಂದು ಫೋನ್ ಸ್ವಿಚ್ ಆಫ್ ಮಾಡುವುದು ಸಹಜ. ಆದರೆ ಮೂರು ಗಡುವುಗಳು ಅಂದಿನಿಂದಲೇ ಓಡತೊಡಗುತ್ತವೆ. ಎರಡನೇ, ಮೂರನೇ ಸ್ಥಾನದಲ್ಲಿರುವವರು ಮತಯಂತ್ರದ ಮೈಕ್ರೋಕಂಟ್ರೋಲರ್ (ಒಳಗಿನ ಚಿಪ್) ಪರಿಶೀಲನೆ ಕೇಳುವುದಿದ್ದರೆ 7 ದಿನ. ಚುನಾವಣಾ ವೆಚ್ಚದ ಲೆಕ್ಕ ಒಪ್ಪಿಸಲು 30 ದಿನ. ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಲು 45 ದಿನ.

ಇವುಗಳಲ್ಲಿ ಜನ ಮರೆಯುವುದು ನಡುವಿನದನ್ನು. ಸೋತ ಮೇಲೆ ಲೆಕ್ಕ ಯಾರಿಗೆ ಬೇಕು ಎಂಬ ಉದಾಸೀನ. ಲೆಕ್ಕ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಆ 3 ವರ್ಷ ಎಣಿಸುವುದು ಆದೇಶ ಹೊರಬಿದ್ದ ದಿನದಿಂದ, ಸೋತ ದಿನದಿಂದ ಅಲ್ಲ. ನೋಟಿಸ್, ಉತ್ತರ, ವಿಚಾರಣೆ ಎಂದು ಆದೇಶ ತಡವಾದಷ್ಟೂ ಆ ಅವಧಿ ಮುಂದಿನ ಚುನಾವಣೆಯ ಮೇಲೆ ಬಂದು ಕೂರುತ್ತದೆ. ಹೋದ ಸಲ ಲೆಕ್ಕ ಕೊಟ್ಟದ್ದಕ್ಕೆ ಸ್ವೀಕೃತಿ ಪತ್ರ ಕೈಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಫಾರ್ಮ್ 20 ಓದುವುದು

ಬೂತ್‌ವಾರು ಯಾರಿಗೆ ಎಷ್ಟು ಮತ ಎಂಬ ಅಂತಿಮ ಪಟ್ಟಿಯೇ ಫಾರ್ಮ್ 20. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕ್ಷೇತ್ರವಾರು ಸಿಗುತ್ತದೆ. ಹಿಂದಿನ ಎರಡು ಚುನಾವಣೆಗಳದ್ದನ್ನೂ ಇಳಿಸಿಕೊಂಡು ಎಕ್ಸೆಲ್‌ಗೆ ಹಾಕಿ. ಬೂತಿನ ಕ್ರಮಸಂಖ್ಯೆ ಹೊಂದಿಸಿ ಹೋಲಿಸಿದರೆ ಮೋಸ ಹೋಗುತ್ತೀರಿ. ನಡುವೆ ಒಂದು ಹೊಸ ಬೂತ್ ಸೇರಿದರೆ ಅದರ ಕೆಳಗಿನ ಸಂಖ್ಯೆಗಳೆಲ್ಲ ಒಂದೊಂದು ಜಾರುತ್ತವೆ. ಶಾಲೆಯ ಹೆಸರು, ಕೋಣೆಯ ದಿಕ್ಕು, ಮತದಾರರ ಪಟ್ಟಿಯ ಭಾಗದಲ್ಲಿರುವ ಮನೆಗಳು, ಈ ಮೂರನ್ನು ನೋಡಿ ಜೋಡಿಸಿ.

ಲೆಕ್ಕಕ್ಕೆ ಒಂದು ಬೂತ್ ಇಟ್ಟುಕೊಳ್ಳೋಣ. ಪಟ್ಟಿಯಲ್ಲಿ 1,050 ಹೆಸರು. ಚಲಾವಣೆಯಾದದ್ದು 800. ನಿಮಗೆ 310, ಗೆದ್ದವರಿಗೆ 440, ಉಳಿದವರಿಗೂ ನೋಟಾಕ್ಕೂ ಸೇರಿ 50. ಹಿಂದಿದ್ದದ್ದು 130ರಿಂದ. ಮತ ಹಾಕದವರು 250. ಈಗ ಕೇಳಬೇಕಾದ್ದು ಆ 440ರ ಬಗ್ಗೆ ಅಲ್ಲ, 250ರ ಬಗ್ಗೆ. ಎಷ್ಟು ಮಂದಿ ತೀರಿಕೊಂಡಿದ್ದಾರೆ, ಎಷ್ಟು ಮಂದಿ ಮುಂಬೈ, ಬೆಂಗಳೂರು, ದುಬೈಯಲ್ಲಿದ್ದಾರೆ, ಎಷ್ಟು ಮಂದಿ ಊರಲ್ಲೇ ಇದ್ದೂ ಹೋಗಲಿಲ್ಲ? ಕರಾವಳಿಯ ಬೂತುಗಳಲ್ಲಿ ಹೊರಗಿರುವವರ ಪಾಲು ದೊಡ್ಡದು, ಅವರನ್ನು ತೆಗೆದು ನೋಡಿದರೆ ಊರಲ್ಲಿದ್ದೂ ಹೋಗದವರು 60 ಮಂದಿಯೇ ಉಳಿಯಬಹುದು. ಆಗ 130ರ ಅಂತರವನ್ನು ಮತದಾನ ಹೆಚ್ಚಿಸಿ ತುಂಬಲು ಆಗದು, ಎದುರಿನ ಪೆಟ್ಟಿಗೆಯಿಂದ 35–40 ಮತವಾದರೂ ಈಚೆ ಬರಬೇಕು. ಅಲ್ಲಿಂದ ಈಚೆ ಬರುವ ಒಂದೊಂದು ಮತ ಅಂತರವನ್ನು ಎರಡೆರಡು ಇಳಿಸುತ್ತದೆ. ಹೀಗೆ ಪ್ರತಿ ಬೂತಿಗೂ ಒಂದು ಸಾಲು ಬರೆಯಿರಿ: ಇಲ್ಲಿ ಜನರನ್ನು ಹೊರಡಿಸಬೇಕೋ, ಮನಸ್ಸು ತಿರುಗಿಸಬೇಕೋ, ಅಥವಾ ಇದ್ದದ್ದನ್ನು ಉಳಿಸಿಕೊಂಡರೆ ಸಾಕೋ.

ಯಾರು ಮತ ಹಾಕಿದರು ಎಂದು ತಿಳಿಯುವುದು ನಿಮ್ಮ ಬೂತ್ ಏಜೆಂಟ್ ಗೆರೆ ಎಳೆದ ಪಟ್ಟಿಯಿಂದ ಮಾತ್ರ. ಅಧಿಕಾರಿಯ ಗುರುತು ಹಾಕಿದ ಪ್ರತಿ ಮೊಹರಿನೊಳಗೆ ಹೋಗುತ್ತದೆ, ಕೋರ್ಟಿನ ಆದೇಶವಿಲ್ಲದೆ ತೆರೆಯುವುದಿಲ್ಲ. ಹೋದ ಸಲದ ಆ ಪಟ್ಟಿಗಳನ್ನು ರದ್ದಿಗೆ ಹಾಕಿದ್ದರೆ ಅದೇ ದೊಡ್ಡ ನಷ್ಟ. ಈ ಸಲ ಮತದಾನ ಮುಗಿದ ಸಂಜೆಯೇ ತರಿಸಿಕೊಳ್ಳಿ.

ಮತದಾರರ ಪಟ್ಟಿ

ಹೊಸ ಹೆಸರಿಗೆ ಫಾರ್ಮ್ 6, ತೆಗೆಯಲು 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬುವವರು ಅರ್ಹರು. ನಾಮಪತ್ರದ ಕೊನೆಯ ದಿನದವರೆಗೆ ಸೇರಿಸಬಹುದು ಎಂಬ ಮಾತನ್ನು ನಂಬಿ ಕೂರಬೇಡಿ. ನೋಟಿಸ್ ಮತ್ತು ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಪರಿಶೀಲನೆಗೆ ಸಮಯ ಬೇಕು, ಕಡಿಮೆಯೆಂದರೂ 10 ದಿನ ಮೊದಲು ಅರ್ಜಿ ಒಳಗೆ ಬಿದ್ದಿರಬೇಕು. ಮಾನ್ಯತೆ ಪಡೆದ ಪಕ್ಷದ ಬಿಎಲ್‌ಎ (ಬೂತ್ ಮಟ್ಟದ ಏಜೆಂಟ್) ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ. ಆದ್ದರಿಂದ ಈ ಕೆಲಸ ಕೊನೆಯ ವಾರದ್ದಲ್ಲ, ಹಿಂದಿನ ವರ್ಷದ್ದು.

ನಮ್ಮಲ್ಲಿ ಹೆಚ್ಚು ತಪ್ಪುವುದು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು. ತವರಿನ ಬೂತಿನಲ್ಲಿ ಹೆಸರು, ಗಂಡನ ಮನೆಯಲ್ಲಿ ವಾಸ, ಎರಡೂ ಕಡೆ ಮತವಿಲ್ಲ. ಗಲ್ಫಿನಲ್ಲಿರುವವರು ಫಾರ್ಮ್ 6ಎ ಮೂಲಕ ಸಾಗರೋತ್ತರ ಮತದಾರರಾದರೆ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದು ಬಂದೇ ಮತ ಹಾಕಬೇಕು. ಅವರ ಟಿಕೆಟ್ ದುಡ್ಡು ನೀವು ಕೊಟ್ಟರೆ ಅದು ಲಂಚ. ಮತದಾರರನ್ನು ಬೂತಿಗೆ ಸಾಗಿಸಲು ವಾಹನ ಬಾಡಿಗೆಗೆ ಹಿಡಿದರೆ ಅದೂ ಭ್ರಷ್ಟ ಆಚರಣೆ, ಗೆದ್ದರೂ ಆಯ್ಕೆ ಬಿದ್ದುಹೋಗಬಹುದು. ಎದುರು ಪಕ್ಷದವರ ಹೆಸರಿಗೆ ಕಂತೆಗಟ್ಟಲೆ ಫಾರ್ಮ್ 7 ಹಾಕುವ ಚಾಳಿಯೂ ಬೇಡ, ಸುಳ್ಳು ಘೋಷಣೆ ಶಿಕ್ಷಾರ್ಹ.

ನಾಮಪತ್ರ: ಹಳೆಯ ಫೈಲ್ ಅಪಾಯ

ಒಮ್ಮೆ ಹಾಕಿ ಗೊತ್ತಿದೆ ಎಂಬ ಧೈರ್ಯವೇ ಇಲ್ಲಿ ಕೈಕೊಡುವುದು. ನಾಮಪತ್ರ ಫಾರ್ಮ್ 2ಬಿ, ಆಸ್ತಿ ಮುಂತಾದ ವಿವರಗಳ ಪ್ರಮಾಣಪತ್ರ ಫಾರ್ಮ್ 26. ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಒಬ್ಬರು 4 ಪ್ರತಿ ಸಲ್ಲಿಸಬಹುದು, ನಾಲ್ಕನ್ನೂ ಬೇರೆ ಬೇರೆ ಸೂಚಕರಿಂದ (ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು) ಹಾಕಿಸುವುದು ಜಾಣತನ. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬ ಸೂಚಕ ಸಾಕು. ಹೋದ ಸಲ ಪಕ್ಷದ ಟಿಕೆಟ್ ಇತ್ತು, ಈ ಸಲ ಪಕ್ಷೇತರ ಎಂದಾದರೆ 10 ಸೂಚಕರು ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಉಳ್ಳಾಲ ಕಡೆಯ ಗೆಳೆಯ ಮಂಗಳೂರು ದಕ್ಷಿಣದ ನಾಮಪತ್ರಕ್ಕೆ ಸೂಚಕನಾಗುವುದಿಲ್ಲ, ಅದು ಬೇರೆ ಕ್ಷೇತ್ರ. ಹತ್ತರಲ್ಲಿ ಒಬ್ಬರ ಭಾಗಸಂಖ್ಯೆ ತಪ್ಪಿದರೂ ತಕರಾರು ಏಳುತ್ತದೆ, ಹೊಸ ಪಟ್ಟಿಯಿಂದ ನೋಡಿ ಬರೆಯಿರಿ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚೆಕ್ ನಡೆಯುವುದಿಲ್ಲ. ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬಂದರೆ ಮಾತ್ರ ವಾಪಸ್: 1,50,000 ಸಿಂಧು ಮತಗಳಿದ್ದರೆ 25,001. ನೋಟಾ ಈ ಲೆಕ್ಕಕ್ಕೆ ಸೇರದು.

ಫಾರ್ಮ್ 26ರಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ. ನಿಮ್ಮ ಹೋದ ಸಲದ ಪ್ರಮಾಣಪತ್ರ ಸಾರ್ವಜನಿಕ ದಾಖಲೆ. ಅಂದು ತೋರಿಸಿದ 50 ಸೆಂಟ್ಸ್ ಜಾಗ ಇಂದು ಕಾಣದಿದ್ದರೆ ಅದು ಎಲ್ಲಿ ಹೋಯಿತು ಎಂದು ಎದುರಾಳಿಯ ವಕೀಲರು ಕೇಳಿಯೇ ಕೇಳುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪ್ರತಿ ಸರ್ವೆ ನಂಬರಿಗೂ ಕ್ರಯಪತ್ರ ಅಥವಾ ಆರ್‌ಟಿಸಿ ಜೋಡಿಸಿ. ಮತಯಂತ್ರಕ್ಕೆ ಹೋಗುವ ಫೋಟೊ 2 × 2.5 ಸೆಂ.ಮೀ., ಕಳೆದ 3 ತಿಂಗಳೊಳಗೆ ತೆಗೆದದ್ದು. ಐದು ವರ್ಷ ಹಿಂದಿನ, ಕೂದಲು ಕಪ್ಪಿದ್ದಾಗಿನ ಫೋಟೊ ಚಂದವೇ, ಆದರೆ ಮತದಾರನಿಗೆ ಗುರುತು ಸಿಗಬೇಕಲ್ಲ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನಕ್ಕೆ ಮೊದಲೇ ಪ್ರಮಾಣವಚನ ಸ್ವೀಕರಿಸಲು ಮರೆಯಬೇಡಿ. ಮರೆತು ತಿರಸ್ಕೃತರಾದರೆ ಯಾರನ್ನೂ ದೂರುವಂತಿಲ್ಲ.

ದುಡ್ಡಿನ ಪುಸ್ತಕ

ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಎಣಿಕೆ ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ. ಹೊಸ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು, ಹಳೆಯ ಉಳಿತಾಯ ಖಾತೆ ಆಗದು. ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ಇಡೀ ಅವಧಿಯಲ್ಲಿ ನಗದಾಗಿ 10,000 ರೂಪಾಯಿ ಮೀರುವಂತಿಲ್ಲ. ಶಾಮಿಯಾನದವರಿಗೆ ಮೂರು ಸಲ ನಾಲ್ಕು ನಾಲ್ಕು ಸಾವಿರ ಕೊಟ್ಟರೆ ಮಿತಿ ದಾಟಿದಂತೆಯೇ.

ವೆಚ್ಚ ಬರೆಯಲು ಚುನಾವಣಾಧಿಕಾರಿ ಕೊಡುವ ರಿಜಿಸ್ಟರಿನಲ್ಲಿ ಬಿಳಿ ಹಾಳೆ ದಿನದ ಒಟ್ಟು ವೆಚ್ಚಕ್ಕೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ನಡುವೆ ಮೂರು ಸಲ ತಪಾಸಣೆಗೆ ಒಯ್ಯಬೇಕು. ಅಧಿಕಾರಿಗಳ ಬಳಿ ವಿಡಿಯೊ ತಂಡ ಎಣಿಸಿದ ಕುರ್ಚಿ, ಮೈಕ್, ವಾಹನಗಳ ಸಮಾನಾಂತರ ಪುಸ್ತಕವಿರುತ್ತದೆ. ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯಂತೆ ಅವರು ಬರೆದದ್ದಕ್ಕೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ನೋಟಿಸ್ ಬರುತ್ತದೆ. ಮತ್ತೆ ನಿಲ್ಲುವವರು ಇಲ್ಲೇ ಎಡವುವುದು: ಅಟ್ಟದಲ್ಲಿದ್ದ ಹೋದ ಸಲದ ಬಾವುಟ, ಶಾಲುಗಳನ್ನು ಇಳಿಸಿ ಪುಕ್ಕಟೆ ಎಂದುಕೊಳ್ಳುತ್ತಾರೆ. ಈ ಸಲ ಬಳಸಿದರೆ ಈ ಸಲದ ಲೆಕ್ಕ. ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಮನೆ ಭೇಟಿಯ ಹೊತ್ತು

2023ರಲ್ಲಿ ಮತದಾನ ಮೇ 10ಕ್ಕಿತ್ತು. ಏಪ್ರಿಲ್, ಮೇ ಎಂದರೆ ಪತ್ತನಾಜೆಗೆ (ಮಳೆಗಾಲಕ್ಕೆ ಮುಂಚೆ ನೇಮ, ಯಕ್ಷಗಾನ ನಿಲ್ಲುವ ದಿನ) ಮೊದಲಿನ ದಿನಗಳು: ದೈವಗಳ ನೇಮ, ಕೋಲ, ಯಕ್ಷಗಾನ, ಮದುವೆ, ಬ್ರಹ್ಮಕಲಶ. ಸಂಜೆ ಏಳಕ್ಕೆ ಮನೆಗೆ ಹೋದರೆ ಬಾಗಿಲು ಹಾಕಿರುತ್ತದೆ. ಹೊತ್ತು ಬೆಳಿಗ್ಗೆಯದ್ದು. ಹಾಲಿನ ಸೊಸೈಟಿ, ಬೀಡಿ ಬ್ರಾಂಚ್, ಮಲ್ಪೆ ಬಂದರು ಅಥವಾ ಮಂಗಳೂರು ದಕ್ಕೆಯಲ್ಲಿ ಮೀನು ಏಲಂ ಆಗುವ ಸಮಯ. ನಮ್ಮಲ್ಲಿ ಘಟ್ಟದ ಮೇಲಿನಂತೆ ಮನೆಗೆ ಮನೆ ತಾಗಿರುವುದಿಲ್ಲ, ಒಂದೊಂದು ತೋಟಕ್ಕೆ ಒಂದು ಮನೆ. ಒಳನಾಡಿನ ಬೂತಿನಲ್ಲಿ ಒಂದು ತಂಡ ಬೆಳಿಗ್ಗೆ 25–30 ಮನೆ ಮುಗಿಸಿದರೆ ಅದೇ ಹೆಚ್ಚು. ಮೂವರಿಗಿಂತ ಹೆಚ್ಚು ಮಂದಿ ಅಂಗಳಕ್ಕೆ ಹೋಗಬೇಡಿ. ತುಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಗೆ ಆ ಭಾಷೆಯವರು, ಕುಂದಾಪುರ, ಬೈಂದೂರಿನಲ್ಲಿ ಕುಂದಗನ್ನಡ. ಹೋದ ಸಲ ಓಟು ಹಾಕಿದ್ದೀರಾ ಎಂದು ಕೇಳಬೇಡಿ. ಹೋದ ಸಲ ಆ ಮನೆಯವರು ಹೇಳಿದ ಕಾಲುಸಂಕ, ನೀರಿನ ಪೈಪು ಏನಾಯಿತು ಎಂದು ಕೇಳಿ. ಅದಕ್ಕೆ ಅಂದೇ ಬರೆದಿಟ್ಟಿರಬೇಕು.

ದೇವಸ್ಥಾನ, ಮಸೀದಿ, ಚರ್ಚ್ ಪ್ರಚಾರದ ಜಾಗವಲ್ಲ. ನೇಮಕ್ಕೆ ಹೋಗಿ ಗಂಧಪ್ರಸಾದ ತಗೊಳ್ಳಿ, ಮೈಕ್ ಮುಟ್ಟಬೇಡಿ.

ಮತದಾನ ಮತ್ತು ಎಣಿಕೆ

ಮತದಾನ ಶುರುವಾಗುವ 90 ನಿಮಿಷ ಮೊದಲು ಅಣಕು ಮತದಾನ, ಕಡಿಮೆಯೆಂದರೆ 50 ಮತ. ಮುಗಿದ ಮೇಲೆ ಕ್ಲಿಯರ್ ಬಟನ್ ಒತ್ತಿ ಸೊನ್ನೆ ತೋರಿಸಿದ್ದನ್ನೂ ವಿವಿಪ್ಯಾಟ್ (ಮತ ಮುದ್ರಿಸಿ ತೋರಿಸುವ ಯಂತ್ರ) ಚೀಟಿಗಳನ್ನು ಹೊರತೆಗೆದದ್ದನ್ನೂ ಏಜೆಂಟ್ ಕಣ್ಣಾರೆ ನೋಡಬೇಕು. ಅವಸರದಲ್ಲಿ ಇದು ತಪ್ಪಿದ ಯಂತ್ರಗಳು ಎಣಿಕೆಯ ದಿನ ಪಕ್ಕಕ್ಕೆ ಕೂರುತ್ತವೆ. ಸಂಜೆ ಆ ಬೂತಿನ ಮತಗಳ ಲೆಕ್ಕವಿರುವ ಫಾರ್ಮ್ 17ಸಿ ಪ್ರತಿ ಪಡೆಯದೆ ಏಜೆಂಟ್ ಹೊರಡಬಾರದು. ಅದರಲ್ಲಿರುವ ಒಟ್ಟು ಮತ, ಕಂಟ್ರೋಲ್ ಯೂನಿಟ್ ಸಂಖ್ಯೆಗಳನ್ನು ಎಣಿಕೆ ಮೇಜಿನಲ್ಲಿ ಯಂತ್ರದ ಜತೆ ತಾಳೆ ನೋಡಬೇಕು.

ಎಣಿಕೆ ಏಜೆಂಟರಾಗಿ ಮುಖಂಡರನ್ನು ಕೂರಿಸಬೇಡಿ. ಕೂಡಿಸುವುದರಲ್ಲಿ ಚುರುಕಿರುವವರು, ಬ್ಯಾಂಕಿನಿಂದ ನಿವೃತ್ತರಾದವರು ಒಳ್ಳೆಯದು. ಸಾಮಾನ್ಯವಾಗಿ 14 ಮೇಜು, ಅಂಚೆ ಮತಕ್ಕೆ ಪ್ರತ್ಯೇಕ. ಅಂಚೆ ಮತದ ಮೇಜಿಗೆ ನಿಮ್ಮಲ್ಲಿರುವ ಅತಿ ಸೂಕ್ಷ್ಮ ಕಣ್ಣಿನವರನ್ನು ಹಾಕಿ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವೆಲ್ಲವನ್ನೂ ಮತ್ತೆ ಪರಿಶೀಲಿಸಲೇಬೇಕು. 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ತೀರ್ಮಾನವಾಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಮತದಿಂದ. 2023ರಲ್ಲಿ ಅವರು ಕೊಳ್ಳೇಗಾಲದಿಂದ ಗೆದ್ದರು.

ಮರುಎಣಿಕೆ ಕೇಳುವುದಿದ್ದರೆ ಕಾರಣಸಹಿತ ಲಿಖಿತ ಅರ್ಜಿ ಬೇಕು, ಚುನಾವಣಾಧಿಕಾರಿ ಒಟ್ಟು ಮತ ಘೋಷಿಸಿದ ಮೇಲೆ, ಫಾರ್ಮ್ 20ಕ್ಕೆ ಸಹಿ ಹಾಕುವ ಮೊದಲು. ಈ ನಡುವೆ ಸಿಗುವುದು ಕೆಲವೇ ನಿಮಿಷ. ಅರ್ಜಿಯನ್ನು ಹಿಂದಿನ ರಾತ್ರಿಯೇ ಬರೆದು, ಮೇಜು, ಸುತ್ತು, ಬೂತ್ ಸಂಖ್ಯೆಗಳ ಜಾಗ ಮಾತ್ರ ಖಾಲಿ ಬಿಟ್ಟು, ಸಹಿ ಹಾಕಿ, ಚುನಾವಣಾ ಏಜೆಂಟನ ಕೈಯಲ್ಲಿ ಎರಡು ಪ್ರತಿ ಇಡಿ. ಒಂದು ಕೊಡಲು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ಗಂಟೆ ಬರೆಸಿಕೊಳ್ಳಲು.